ನಲವತ್ತೊಂದನೇ ಸಾಲು

ಶಾಕಿರಾ ಕಳಿಸಿದ ಎಕ್ಸೆಲ್ ಹಾಳೆಯಲ್ಲಿ
ಮಂಡಕ್ಕಿ ಭಟ್ಟಿಗಳು ಅರವತ್ಮೂರು.
ಸಾಲಿಗೊಂದು ಒಲೆ:
ಯಜಮಾನರ ಹೆಸರು, ಚಿಮಣಿ ಎಷ್ಟಡಿ,
ಉರಿಸುವುದು ಹೊಟ್ಟೋ ಹಳೇ ಟೈರೋ,
ಅಕ್ಷಾಂಶ, ರೇಖಾಂಶ,
ಕೊನೆಗೊಂದು ಷರಾ.

ಪಾಲಿಕೆಯ ಮಾಳಿಗೆ ಕೋಣೆಯಲ್ಲಿ
ದುಡ್ಡು ಕೇಳದ ನಕಾಶೆ ತಂತ್ರಾಂಶಕ್ಕೆ
ಹಾಳೆ ತೋರಿಸಿ, ಓದಪ್ಪಾ ಎಂದೆ.
ಮೇಲಿನ ಸಾಲು ಬರೀ ತಲೆಬರಹ,
ಅದನ್ನೂ ಭಟ್ಟಿ ಅಂತ ಎಣಿಸಬೇಡ.

ಓದಲಿಲ್ಲ.
ಅಕ್ಷಾಂಶದ ಕಾಲಂ ಅಂಕಿಯಲ್ಲ, ಅಕ್ಷರ ಎಂದಿತು.
ಹದಿನಾಲ್ಕು ಪಾಯಿಂಟ್ ನಾಲ್ಕು ಆರು ಅಕ್ಷರ ಹೇಗಾಗುತ್ತೆ?
ಕೆಳಕೆಳಗೆ ಸರಿಸುತ್ತಾ ಹೋದೆ.
ನಲವತ್ತೊಂದರಲ್ಲಿ ಸಿಕ್ಕಿತು,
ಅಂಕಿ ಇರಬೇಕಾದ ಮನೆಯಲ್ಲಿ ಶಾಕಿರಾ ಬರೆದದ್ದು:
‘ಹೊಗೆ ಕಂಡ ಕಡೆ.’

ಒಬ್ಬಳು ಆಡಿದ ಒಂದು ಮಾತಿಗೆ
ಅರವತ್ತೆರಡು ಅಂಕಿ
ಮಾತಾಗಿ ಕೂತಿದ್ದವು.

ಆ ಮನೆ ಖಾಲಿ ಮಾಡಿ ಮತ್ತೆ ಕೊಟ್ಟೆ.
ಈ ಸಲ ಓದಿತು. ಚುಕ್ಕಿಗಳೆಲ್ಲ
ನಾರ್ವೆ ದಾಟಿ ಹಿಮದ ಕಡಲಿಗೆ ಬಿದ್ದವು.
ಅಡ್ಡದ್ದನ್ನು ಉದ್ದಕ್ಕೆ, ಉದ್ದದ್ದನ್ನು ಅಡ್ಡಕ್ಕೆ
ಕೊಟ್ಟವಳು ನಾನೇ.
ತಿದ್ದುವುದು ಒಂದು ಕ್ಲಿಕ್ಕಿನ ಕೆಲಸ. ಆದರೂ
ಚಹಾ ಆರುವ ತನಕ ಹಾಗೇ ಬಿಟ್ಟೆ:
ನೀರ್ಗಲ್ಲ ಮೇಲೆ ದಾವಣಗೆರೆಯ ಒಲೆ,
ಕಾದ ಮರಳಲ್ಲಿ ಚಟಪಟ ಅರಳುವ ಅಕ್ಕಿ,
ಪೇಪರ್ ಪೊಟ್ಟಣ ಹಿಡಿದ ಬಿಳಿ ಕರಡಿ
ಮಿರ್ಚಿ ಬಿಸಿ ಇದೆಯಾ ಅಂತ ಕೇಳುತ್ತಿದೆ.

ಆಮೇಲೆ ಊರಿಗೆ ಕರೆತಂದೆ.
ರೈಲು ಹಳಿಯ ಆಚೆ, ಗಲ್ಲಿ ಗಲ್ಲಿಗೆ ಅಂಟಿಕೊಂಡು
ಕೂತವು, ಹುರಿಗಡಲೆ ಚೆಲ್ಲಿದ ಹಾಗೆ.

ಆದರೆ ಹಾಳೆಯಲ್ಲಿ ಒಂಬತ್ತು ಸಾಲು ಹಳದಿ ಇತ್ತಲ್ಲ?
ನಕಾಶೆಯಲ್ಲಿ ಅದಿಲ್ಲ. ಬಣ್ಣ ಇದಕ್ಕೆ ಓದಲು ಬಾರದು,
ಬರೆದದ್ದಷ್ಟೇ ಕಾಣುತ್ತದೆ.
ಫೋನು ಮಾಡಿದೆ.

‘ಅವು ಹೊತ್ತಿಸೋದು ಬಿಟ್ಟಿರೋವು ಮೇಡಂ.
ನಮ್ಮ ಚಾಚಾಂದೂ ಒಂದಿದೆ ಅದ್ರಾಗೆ.
ಬರೆಯಾಕೆ ಮನಸ್ಸಾಗ್ಲಿಲ್ಲ, ಬಣ್ಣ ಹಾಕ್ದೆ.’

ಮತ್ತೆ ನಲವತ್ತೊಂದು?

‘ಅಲ್ಲಿ ಒಲೆ ಹತ್ರ ಹೋಗಿ ಮೊಬೈಲ್ ತೆಗೆದೆ,
ಕಾವಿಗೆ ಆಫೇ ಆಗೋಯ್ತು.
ಎರಡು ಸಲ ಹೋದೆ ಮೇಡಂ.’

ಹೊಸದೊಂದು ಕಾಲಂ ಮಾಡಿ
‘ಆರಿದೆ’ ಎಂದು ಟೈಪಿಸಿದೆ.
ಮೊದಲನೆಯದನ್ನು ನಕಲು ಮಾಡಿ
ಉಳಿದ ಎಂಟಕ್ಕೆ ಅಂಟಿಸಬಹುದಿತ್ತು.
ಒಂಬತ್ತು ಸಲವೂ ಕೈಯಲ್ಲೇ ಟೈಪಿಸಿದೆ,
ಯಾಕೋ.

ಉಳಿಸಿದೆ. ನಕಾಶೆ ಒಮ್ಮೆ ಕಣ್ಣು ಮಿಟುಕಿಸಿ
ಒಂಬತ್ತು ಚುಕ್ಕಿ ಬೂದಿಯಾದವು.
ಲೆಕ್ಕದ ಪಟ್ಟಿ ಕೆಳಗೆ ಹೇಳುತ್ತಿತ್ತು:
ಒಟ್ಟು ಅರವತ್ತೆರಡು.

ಐದೂವರೆಗೆ ಕಿಟಕಿ ತೆಗೆದೆ.
ಹಳಿಯಾಚೆ ಹೊಗೆ ಕಂಡಿತು.
ಒಂದಲ್ಲ, ಎಣಿಸಲು ಬಾರದಷ್ಟು,
ಒಂದರೊಳಗೊಂದು ಕಲೆಸಿಕೊಂಡು
ಯಾವ ಸಾಲು ಯಾರದೆಂದು ಹೇಳದೆ.

ಸ್ಕೂಟಿ ಕೀಲಿ
ಮೌಸಿನ ಅಡಿಯಲ್ಲಿತ್ತು.