ಕೊರೆದು ನೋಡುವ ಕೆಲಸ

ಕುನನರಾ ಊರಾಚೆ, ಆರ್ಡ್ ನದಿಯ ಕಾಲುವೆ ಬದಿ
ನಲವತ್ತೊಂದನೇ ಸಾಲು. ಎರೆಮಣ್ಣು ಬಾಯಿ ಬಿಟ್ಟಿದೆ.
ಬೆಳಗಿನ ಆರಕ್ಕೇ ಮೂವತ್ತೆರಡು ಡಿಗ್ರಿ.
ಗಂಧದ ಮರವನ್ನು ಮೊಣಕಾಲೆತ್ತರದಲ್ಲಿ
ಪೆನ್ಸಿಲ್ ದಪ್ಪ ಕೊರೆಯುವುದು ನನ್ನ ಕೆಲಸ.
ಎಳೆದ ಕಡ್ಡಿಗೆ ನಂಬರು, ತೂತಿಗೆ ಮೇಣ,
ಮುಂದಿನ ಮರ.

ಬಿಳುಪು ಬಂದರೆ ಇನ್ನೂ ಕಾಯಬೇಕು.
ಜೇನಿನ ಬಣ್ಣ ಬಂದರೆ ಎಷ್ಟು ಮಿಲಿಮೀಟರು ಅಂತ
ಅವತ್ತೇ ಪರ್ತ್ ಆಫೀಸಿಗೆ ತಿಳಿಸಬೇಕು.

ಈ ಮರ ಒಂಟಿಯಾಗಿ ಉಣ್ಣುವುದಿಲ್ಲ.
ಕುಂಡದಲ್ಲಿ ಹೊನಗೊನ್ನೆಯ ತಂಗಿಯೊಬ್ಬಳು ಮೊದಲ ತುತ್ತು
(ಚಿಗುರು ಚಿವುಟಿ ನಾನೂ ಪಲ್ಯ ಮಾಡುವುದುಂಟು,
ನರ್ಸರಿಯ ಬೆವರ್ಲಿ ಲೆಕ್ಕಕ್ಕೆ ಬರೆಯುವುದಿಲ್ಲ).
ಹೊಲಕ್ಕಿಳಿದ ಮೇಲೆ ಅಗಸೆ; ನಾಲ್ಕು ವರ್ಷಕ್ಕೆ ಅದೂ ಸೋಲುತ್ತದೆ.
ಕೊನೆಗೆ ಬೀಟೆಯ ದಾಯಾದಿ, ತಾಳಿಕೊಂಡು ನಿಲ್ಲುವಂಥದು.
ಬೇರಿಗೆ ಬೇರು ಬಾಯಿ ಹಾಕಿದ್ದನ್ನು ಅಗೆದು ನೋಡಿದ್ದೇನೆ:
ಮಗು ಮೊಲೆಗೆ ಬಿದ್ದ ಹಾಗೂ ಕಂಡಿತು,
ಜಿಗಣೆಯ ಹಾಗೂ.

ಅಪ್ಪ ಗಂಧದ ಕೋಠಿಯಲ್ಲಿ ಕೊರಡು ವಿಂಗಡಿಸುತ್ತಿದ್ದ.
ಚೀನಾ ಬುದ್ಧ, ಪಂಜಂ, ಘೋಟ್ಲಾ,
ಒಳಗೆ ಪೊಳ್ಳಿದ್ದರೆ ಜಾಜ್‌ಪೋಕಲ್.
ಸಂಜೆ ಗೇಟಿನಲ್ಲಿ ಜೇಬು ಕೊಡವಿ ತೋರಿಸಬೇಕು;
ಉಗುರಿನೊಳಗಿನ ಹುಡಿಯನ್ನು ಮಾತ್ರ ಯಾರೂ ಕೇಳಲಿಲ್ಲ.
ಹಿತ್ತಲಲ್ಲಿ ತಾನೇ ಹುಟ್ಟಿದ ಗಂಧವೂ ಸರ್ಕಾರದ್ದು ಆಗ.
ಸಸಿ ಕಂಡರೆ ಕಿತ್ತು ಒಲೆಗಿಡುತ್ತಿದ್ದರು ಜನ, ಪೊಲೀಸರ ಹೆದರಿಕೆಗೆ.
"ನೀರುಂಡ ಗಂಧಕ್ಕೆ ಕಂಪಿಲ್ಲ" ಅನ್ನುತ್ತಿದ್ದ ಅಪ್ಪ.
ಇಲ್ಲಿ ಹದಿನಾಲ್ಕು ದಿನಕ್ಕೊಮ್ಮೆ ಕಾಲುವೆ ತೂಬು ಎತ್ತುತ್ತಾರೆ.

ನಿನ್ನೆ ದುಡ್ಡು ಹೂಡಿದವರು ಬಂದಿದ್ದರು. ಹೊಸ ಟೋಪಿ, ಹಳೇ ಪ್ರಶ್ನೆ.
ಹದಿನೈದು ವರ್ಷ ಅಂದೆ.
ಅವರ ಕೈಯ ಹೊತ್ತಿಗೆಯಲ್ಲಿ 'ಸುಸ್ಥಿರ' ಅನ್ನುವ ಮಾತು
ಏಳು ಸಲ, ಹಸಿರು ಶಾಯಿಯಲ್ಲಿ.
ಮ್ಯಾನೇಜರ್ ಮರ್ವ್ ಅವರಿಗೆ ಸಮಾಧಾನ ಹೇಳಿದ:
ಬೀಟೆ ಕಡಿದರೆ ನೀರು ಮಿಗುತ್ತದೆ, ಟ್ರ್ಯಾಕ್ಟರು ಸಲೀಸು.

ಮೂರು ವರ್ಷದ ಹಿಂದೆ ಈ ಸಾಲಿನಲ್ಲಿ ಹಾಗೇ ಕಡಿದಿದ್ದರು.
ತುದಿ ಒಣಗಿದ ಹನ್ನೆರಡು ಮರ ಕೊರೆದೆ.
ಹನ್ನೆರಡೂ ಬಿಳುಪು,
ಉಪ್ಪಿಲ್ಲದ ಗಂಜಿ.

ಹದಿಮೂರನೆಯದು ಬೇಲಿಗೆ ಆತುಕೊಂಡಿತ್ತು.
ಕಡ್ಡಿ ಎಳೆದೆ: ಜೇನು! ಮೂವತ್ತೊಂದು ಮಿಲಿಮೀಟರು.
ಮೂಗಿಗೆ ಹಿಡಿದವಳು ಹಾಗೇ ಕುಕ್ಕರಿಸಿದೆ.
ಬುಡ ಕೆದಕಿದರೆ, ಯಾರ ಅಪ್ಪಣೆಯನ್ನೂ ಕಾಯದೆ
ತಂತಿಯಡಿ ನುಸುಳಿ ಆಚೆಯ ಕಾಡು ವಾಟಲ್‌ಗೆ
ಬೇರು ಕೊಟ್ಟಿತ್ತು ಮರ.

ಆಚೆಯದು ಮಿರಿವೂಂಗ್ ಜನರ ನೆಲ.
ಜೀಪು ನಿಲ್ಲಿಸಿ ಬಂದ ರೇಂಜರ್ ಡೆಲ್ಮಾ
ಬೇರನ್ನೂ ನೋಡಿದಳು, ನನ್ನ ಮುಖವನ್ನೂ.
"ಊಟ ನಮ್ಮ ಮನೇದು," ಅಂದಳು.
"ಬಿಲ್ಲು ಯಾರ ಹೆಸರಿಗೆ ಕಳಿಸಲಿ?"

ಫಾರಂನಲ್ಲಿ ಅದಕ್ಕೊಂದು ಕಾಲಂ ಇಲ್ಲ.
'ಷರಾ' ಅಂತಿದ್ದ ಕಡೆ ಕನ್ನಡದಲ್ಲೇ ಬರೆದು,
ಹೊಡೆದುಹಾಕಿ, ಇಂಗ್ಲಿಷಿನಲ್ಲಿ ಬರೆದೆ:
ಉಣಿಸಿದ ಮರ ಬೇಲಿಯಾಚೆಯದು.

ಮಧ್ಯಾಹ್ನ ಮರ್ವ್ ಫೋನು ಮಾಡಿದ.
ವಾಟಲ್ ನೆಡುವ ಮಾತೇನೋ ಅಂದುಕೊಂಡೆ.
"ಬೇಲಿಯನ್ನು," ಅಂದ, "ಎಷ್ಟು ಮೀಟರು ಸರಿಸಬಹುದು?"