ಗಾಳಿ ಇಳಿಸುವುದು

ಪಡುಕರೆಯ ಮರಳಲ್ಲಿ ಐಸಿನ ಟೆಂಪೊ
ತುಳಿದಷ್ಟೂ ಇಳಿಯುತ್ತಿತ್ತು.
ಹಲಗೆ ಕೊಟ್ಟೆವು, ಮಡಲು ಹಾಸಿದೆವು,
ಬೂತಾಯಿಗೆಂದು ತಂದ ಮಂಜುಗಡ್ಡೆ
ಕರಗಿ ನಮ್ಮ ಕಾಲಿಗೇ ಬಂತು.

ತೇಜಪ್ಪ ಮೆಂಡನ್ ಬೀಡಿ ಎಸೆದು ಬಂದರು.
"ಗಾಳಿ ಇಳಿಸು."
ಇದ್ದ ಗಾಳಿಯನ್ನೂ ಬಿಟ್ಟರೆ ಹೇಗೆ ಮಾರಾಯ್ರೆ?
"ಅರ್ಧ ಬಿಡು. ಉಬ್ಬಿದ್ದೇ ಹೂತುಹೋಗುವುದು."

ಹದಿನಾಲ್ಕು ವರ್ಷ ನಮೀಬಿಯಾದಲ್ಲಿ
ಪ್ರವಾಸಿಗರ ಲಾರಿಯ ಹಿಂದೆ ಒಲೆ ಹೂಡಿದವರು.
ಚಕ್ರ ಉಸಿರು ಬಿಡುವಷ್ಟು ಹೊತ್ತು ಹೇಳಿದರು:
ಅಲ್ಲಿ ಮರುಭೂಮಿ ನೇರ ಕಡಲಿಗೇ ಬಂದು ನಿಲ್ಲುತ್ತದೆ,
ನಡುವೆ ಒಂದು ತೆಂಗಿಲ್ಲ, ಬೈಯಲು ಒಬ್ಬ ಧಣಿಯಿಲ್ಲ.
ಒಡೆದ ಹಡಗಿನ ಪಕ್ಕೆಲುಬಿನೊಳಗೆ
ಗುಳ್ಳೆನರಿ ಮರಿ ಹಾಕಿತ್ತು.
ಉಪ್ಪುಬಯಲಿನ ಆನೆಗಳು
ಸುಣ್ಣ ಬಳಿದ ಗೋಡೆಗಳು, ನಡೆದಾಡುವವು.
ಒಂದು ರಾತ್ರಿ ಸಾರಿಗೆ ಹುಣಸೆ ಕಿವುಚುವಾಗ
ಬೆನ್ನ ಹಿಂದೆ ಸಿಂಹ ಕೆಮ್ಮಿತು.

ಮತ್ತೆ?
"ಮತ್ತೇನು, ಹುಳಿ ಜಾಸ್ತಿಯಾಯಿತು."

ಟೆಂಪೊ ಒಮ್ಮೆ ನಡುಗಿ
ಮೊಟ್ಟೆಯಿಟ್ಟು ಮರಳುವ ಆಮೆಯ ನಿಧಾನದಲ್ಲಿ
ಗುಂಡಿಯಿಂದ ಎದ್ದಿತು.
ನಾವು ಕೂಗು ಹಾಕಿದೆವು. ಅವರು ಹಾಕಲಿಲ್ಲ.

"ಡಾಮರು ಸಿಕ್ಕಿದ ಮೇಲೆ ತುಂಬಿಸು, ಮರೆಯಬೇಡ"
ಅಂದವರು ತಾವು ಮಾತ್ರ
ಡಾಮರಿನತ್ತ ಬರಲಿಲ್ಲ;
ಚಪ್ಪಲಿ ಕೈಯಲ್ಲಿ ಹಿಡಿದು
ಅಲೆ ಒರೆಸುವ ಅಂಚಿನಲ್ಲೇ ನಡೆದರು,
ಗುರುತು ಮೂಡದಷ್ಟು ಹಗುರಾಗಿ.