ಬಾಕಿ ಚಿಲ್ಲರೆ

ಸೊನ್ನೆಯಿಂದ ಹತ್ತು, ನೋವು ಎಷ್ಟು ಹೇಳಿ ಅಂದೆ.
ನಂಜಾಚಾರರು ನನ್ನನ್ನೇ ನೋಡಿದರು,
ಪಾಸಿಲ್ಲದೆ ಹತ್ತಿದ ಹುಡುಗಿಯನ್ನು ನೋಡುವ ಹಾಗೆ.
‘ಹಾಸನ ಸೊನ್ನೆ ಅಂತಿಟ್ಕೊ ಸಿಸ್ಟರಮ್ಮ,
ಕಂದಲಿ ಒಂದು, ಆಲೂರು ಮೂರು,
ಪಾಳ್ಯ, ಬಾಳ್ಳುಪೇಟೆ, ಸಕಲೇಶಪುರಕ್ಕೆ ಆರು.
ಅಲ್ಲಿ ಟೀಗೆ ನಿಲ್ಲಿಸ್ತೀವಿ.
ದೋಣಿಗಾಲ್ ಏಳು. ಮಾರನಹಳ್ಳಿ ಎಂಟು.
ಆಮೇಲೆ ಘಾಟಿ.
ಘಾಟಿಗೆ ನಂಬರಿಲ್ಲ.’

ರಾತ್ರಿ ಎಲ್ಲಿದ್ದಿರಿ?

‘ಗುಂಡ್ಯದ ಹತ್ರ. ಬ್ರೇಕು ಹಿಡೀತಿರ್ಲಿಲ್ಲ.’

ಅಡ್ಲಿಮನೆ ರಸ್ತೆಯ ಹಿಂದೆ ಎರಡು ಕೋಣೆಯ ಮನೆ,
ಗೋಡೆಗೆ ಡಿಪೋದವರು ಕೊಟ್ಟ ಗಡಿಯಾರ.
ಮೂವತ್ತೊಂದು ವರ್ಷ ನಿಂತೇ ದುಡಿದ ಬೆನ್ನುಮೂಳೆಯಲ್ಲಿ
ಗೆಡ್ಡೆ ಸೀಟು ಹಿಡಿದು ಕೂತಿದೆ.
ಕಾಳಮ್ಮ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುತ್ತಾಳೆ,
ಹಳೇ ಸೀರೆ ಮಡಿಸಿ ಬೆನ್ನಿಗೆ ಒತ್ತು ಕೊಡುತ್ತಾಳೆ.
ಅವಳ ಬೆನ್ನು ಹೇಗಿದೆ ಅಂತ ಯಾರೂ ಕೇಳಿರಲಿಲ್ಲ.
ನಾನು ಕೇಳಿದ್ದೂ ಮೂರನೇ ಸಲ ಹೋದಾಗ.

ಮಾರ್ಫಿನ್ ಅಂದ ಕೂಡಲೆ ಅಳಿಯ ಎದ್ದು ನಿಂತ.
‘ಮತ್ತಿನ ಮಾತ್ರೆ. ಚಟ ಹತ್ತಿದರೆ?’
ಎಪ್ಪತ್ತೆರಡರ ಜೀವ, ಕೈಯಲ್ಲಿ ತಿಂಗಳೋ ವಾರವೋ,
ಚಟ ಹತ್ತಿ ಯಾವ ಊರು ಮುಟ್ಟಬೇಕು?
ಇದನ್ನು ಬಾಯಿಬಿಟ್ಟು ಹೇಳಲಿಲ್ಲ.
ಹೇಳಿದ್ದಿಷ್ಟು: ನಾಲ್ಕು ಗಂಟೆಗೊಂದು,
ನೋವು ಬರಲಿ ಅಂತ ಕಾಯಬೇಡಿ,
ಬಸ್ಸು ಹೋದಮೇಲೆ ಕೈ ಅಡ್ಡ ಹಾಕಿ ಏನು ಬಂತು.
ಮಲಗುವಾಗ ಎರಡು.
ಹೊಟ್ಟೆ ಕಟ್ಟದ ಹಾಗೆ ಜೊತೆಗೆ ಇದು, ಮರೆಯಬೇಡಿ.
ಮೊದಲೆರಡು ದಿನ ವಾಂತಿ ಬಂದೀತು, ಅದಕ್ಕೆ ಈ ಚಿಕ್ಕದು.
ಓದು ಬಾರದ ಕಾಳಮ್ಮ
ಗಡಿಯಾರದ ಗಾಜಿನ ಮೇಲೆ
ಮಾತ್ರೆಗೊಂದರಂತೆ ಕುಂಕುಮದ ಬೊಟ್ಟಿಟ್ಟಳು.

ಗುರುವಾರ, ಬಾಳ್ಳುಪೇಟೆ.
ಶನಿವಾರ, ಆಲೂರಿಗೂ ಈಚೆ.
ಸೋಮವಾರ ಹೋದರೆ ಗೋಡೆಗೆ ಒರಗಿ ಕೂತು
ಅಕ್ಕಿರೊಟ್ಟಿಯ ಅಂಚು ಮುರಿಯುತ್ತಿದ್ದಾರೆ.
‘ಕಂದಲಿ’ ಅಂದರು, ಬಾಯಿ ತುಂಬ ರೊಟ್ಟಿ.
ಚಪ್ಪಾಳೆ ತಟ್ಟುವಷ್ಟು ಖುಷಿ ನನಗೆ.

ಅವರಿಗಲ್ಲ.
‘ನೋವು ಇಳಿದ ಸೀಟು ಖಾಲಿ ಇರಲ್ಲ ಸಿಸ್ಟರಮ್ಮ,
ಬೇರೆಯೋಳು ಬಂದು ಕೂತವಳೆ.

ಪಾಳ್ಯದಲ್ಲಿ ಹತ್ತಿದೋಳು. ಕಂಕುಳಲ್ಲಿ ಕೆಂಡದಂಥ ಕೂಸು.
ಐವತ್ತರ ನೋಟು. ಟಿಕೆಟ್ಟು ಹದಿಮೂರು.
ಹಿಂದೆ ಬರಕೊಟ್ಟೆ, ಮೂವತ್ತೇಳು.
ಇಳಿವಾಗ ಇಸ್ಕಳಮ್ಮ ಅಂದೆ.
ದೊಡ್ಡಾಸ್ಪತ್ರೆ ಹತ್ರ ಇಳಿದ್ಲು, ಓಡಿದ್ಲು.
ನಾನು ನೋಡಿದೆ.
ನೋಡಿ, ಸೀಟಿ ಊದಿದೆ.
ಅವತ್ತು ಲೆಕ್ಕಕ್ಕೆ ನಲವತ್ತು ಕಮ್ಮಿ ಬಿದ್ದಿತ್ತು.

ಇದಕ್ಕೆ ಎಷ್ಟು ಎಂಜಿ ಕೊಡ್ತೀಯ?’

ನನ್ನ ಹಾಳೆಯಲ್ಲಿ ನಿದ್ದೆಗೊಂದು ಮನೆ, ಉಸಿರಿಗೊಂದು,
ಹಸಿವು, ಕೆರೆತ, ಹುಣ್ಣು, ಎಲ್ಲಕ್ಕೂ ಜಾಗವಿದೆ.
ಇದನ್ನು ಅಂಚಿನಲ್ಲಿ ಬರೆದೆ: ೩೭.
ಡಾಕ್ಟರು ಜ್ವರದ ಲೆಕ್ಕ ಅಂದುಕೊಂಡು
ನಾರ್ಮಲ್ ಅಂದರು.

ಉಸಿರು ಮೇಲಾದ ದಿನ ಕಿಟಕಿ ತೆಗೆಸಿದೆ.
ತಲೆ ಎತ್ತರಿಸಿ, ಟೇಬಲ್ ಫ್ಯಾನು ಮುಖಕ್ಕೆ,
ಒಣಗಿದ ತುಟಿಗೆ ಒದ್ದೆ ಹತ್ತಿ.
ಎಲ್ಲಿದ್ದೀರಿ ಅಂತ ಕೇಳಿದೆ, ಅಭ್ಯಾಸಬಲ.
ಯಾವ ಸ್ಟಾಪಿನ ಹೆಸರೂ ಹೇಳಲಿಲ್ಲ.
ಕಣ್ಣು ಕಾಳಮ್ಮನ ಕಡೆ ಹೋಯಿತು,
ಅವಳ ಕೈ ದಿಂಬಿನ ಅಡಿಗೆ.
ಮೂರು ಹತ್ತರ ನೋಟು, ಒಂದು ಐದು,
ಎರಡರ ಒಂದು ನಾಣ್ಯ.

ಯಾರಿಗೆ ಕೊಡಲಿ ಅಂತ ನಾನು ಕೇಳಬೇಕಿತ್ತು.

ಈಗ ಏಳು ತಿಂಗಳು.
ಸ್ಕೂಟಿಯ ಡಿಕ್ಕಿಯಲ್ಲಿ ಗ್ಲೌಸು, ಹತ್ತಿ, ಕ್ಯಾತಿಟರ್ ನಡುವೆ
ಕಾಗದ ಸುತ್ತಿದ ಆ ದುಡ್ಡು ಹಾಗೇ ಇದೆ.
ಮಕ್ಕಳ ವಾರ್ಡಿನ ಮುಂದೆ ಎರಡು ಸಲ ನಿಂತೆ.
ದೂರದಿಂದ ಪ್ರತಿ ತಾಯಿಯೂ ಅವಳೇ,
ಹತ್ತಿರ ಹೋದರೆ ಅಲ್ಲ.
ಆ ಕೂಸು ಬದುಕಿದ್ದರೆ
ಹೆಚ್ಚುಕಡಿಮೆ ನನ್ನ ವಯಸ್ಸು.

ಸಾಲಗಾಮೆ ರಸ್ತೆಯ ಅಜ್ಜಿಗೆ
ನಾಲ್ಕು ಗಂಟೆಯ ಮಾತ್ರೆ ಇದೆ.
ಹೊರಡಬೇಕು.